ಸಣ್ಣ ಮಾಡೆಲ್ ರೈಲು ತಯಾರಕರು ನಾಲ್ಕು ಜನ ಸೇರಿ ಮಾರಾಟ ಮಾಡಿದರೆ ಲಾಭ ಇದೆಯಾ?

ತೀರ್ಥಹಳ್ಳಿಯಲ್ಲಿ ಮನೆಯಲ್ಲೇ ಲೇಸರ್ ಕಟ್ ಸ್ಟೇಷನ್ ಕಿಟ್ ಮಾಡುತ್ತೀರಿ, ಸಿಗ್ನಲ್, ಗೊಂಬೆ, ವ್ಯಾಗನ್ ಮಾಡುವ ಇನ್ನೂ ಮೂವರು ಪರಿಚಯ ಇದ್ದಾರೆ, ಒಟ್ಟಿಗೆ ಜಾಹೀರಾತು ಹಾಕೋಣವಾ ಅಂತ ಕೇಳಿದ್ದೀರಿ. ಹಾಕಿ, ಲಾಭ ಇದೆ. ಆದರೆ ಅದಕ್ಕೂ ಮೊದಲು ನಾಲ್ವರೂ ಒಂದೇ ಅಳತೆಗೆ ಬನ್ನಿ.

ನಾನು ಸಾಗರದವನು, ಇದೇ ಕೆಲಸ. ಹಂಚಿನ ಗೂಡ್ಸ್ ಶೆಡ್, ಪ್ಲಾಟ್‌ಫಾರ್ಮ್ ಬೆಂಚು, ಅರಸಾಳಿನಲ್ಲಿ ಇದೆಯಲ್ಲ ಆ ತರದ ಹಳೇ ಸ್ಟೇಷನ್ ಕಟ್ಟಡ ಮಾಡುತ್ತೇನೆ. ನಾವೂ ನಾಲ್ವರು ಸೇರಿಯೇ ಮಾರುವುದು.

ಅಳತೆ ಅಂದೆ ಅಲ್ವಾ, ಯಾಕೆ ಅಂತ ನೋಡಿ. ನನ್ನ ಸ್ಟೇಷನ್ 1:87, ಅಂದರೆ ನಿಜವಾದದ್ದರ 87ನೇ ಒಂದು ಪಾಲು, ಇದಕ್ಕೆ ಎಚ್‌ಒ ಅಳತೆ ಅಂತಾರೆ. ಏಳಡಿ ಬಾಗಿಲು ಅದರಲ್ಲಿ ಸುಮಾರು 24.5 ಮಿಮೀ. ಗೊಂಬೆ ಮಾಡುವವರು 1:76ರಲ್ಲಿ, ಅಂದರೆ ಬ್ರಿಟಿಷರ ಒಒ ಅಳತೆಯಲ್ಲಿ, 170 ಸೆಂಮೀ ಆಳನ್ನು ಮಾಡಿದರೆ ಅವನು 22.4 ಮಿಮೀ ಬರುತ್ತಾನೆ. 1:87ರಲ್ಲಿ ಇರಬೇಕಾದ್ದು 19.5. ಬರೀ ಮೂರು ಮಿಮೀ ವ್ಯತ್ಯಾಸ. ಆದರೆ ಬಾಗಿಲ ಪಕ್ಕ ನಿಲ್ಲಿಸಿ ನೋಡಿ, ನಮ್ಮ ಸ್ಟೇಷನ್ ಮಾಸ್ಟರ್ ಹತ್ತಿರ ಹತ್ತಿರ ಆರೂವರೆ ಅಡಿ ಕಾಣುತ್ತಾನೆ! ಎರಡನ್ನೂ ಒಂದೇ ಫೋಟೋದಲ್ಲಿ ಹಾಕಿದರೆ ಹವ್ಯಾಸದವರು ತಕ್ಷಣ ಕಂಡುಹಿಡಿಯುತ್ತಾರೆ. ಇಬ್ಬರ ಮಾಲೂ ಹೋಗಲ್ಲ.

ತಾಳಗುಪ್ಪಕ್ಕೆ ಮೀಟರ್ ಗೇಜ್‌ನಲ್ಲಿ, ಅಂದರೆ ಒಂದು ಮೀಟರ್ ಅಗಲದ ಹಳಿ ಮೇಲೆ, ಓಡುತ್ತಿದ್ದ ರೈಲ್‌ಬಸ್ ಮಾಡೋಣ ಅಂತ ನಮ್ಮ ಕಡೆಯವರಿಗೆಲ್ಲ ಆಸೆ. ನನಗೂ ಇದೆ. ಆದರೆ 1:87ರಲ್ಲಿ ಅದಕ್ಕೆ 12 ಮಿಮೀ ಅಗಲದ ಹಳಿ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಚ್‌ಒ ಹಳಿ 16.5 ಮಿಮೀ. ಹಾಗಾಗಿ ಅದನ್ನು ಶೋಕೇಸಿಗೆ ಅಂತ ಮಾಡಿ, ಓಡಿಸುವುದಕ್ಕೆ ಬೇಡ.

ಒಟ್ಟಿಗೆ ಮಾರುವುದು ಹೇಗೆ ಅಂತ ಅಡಿಕೆ ಸೀಮೆಯವರಿಗೆ ನಾನು ಹೇಳಿಕೊಡಬೇಕಾ? ನಮ್ಮ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್‌ಗೆ ಎಲ್ಲರೂ ಅಡಿಕೆ ಹಾಕುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಈ ದರ್ಜೆಗಳ ಲೆಕ್ಕ ಎಲ್ಲರಿಗೂ ಒಂದೇ. ಮಾಲು ಮಾತ್ರ ಅವರವರದು, ದುಡ್ಡೂ ಅವರವರ ಖಾತೆಗೆ. ನಾವೂ ಅಷ್ಟೇ ಮಾಡಿದ್ದು. ಎರಡಡಿಗೆ ನಾಲ್ಕಡಿ ಹಲಗೆ ಮೇಲೆ ಒಂದು ಊರು ಕಟ್ಟಿದೆವು. ಸ್ಟೇಷನ್ ನನ್ನದು, ಸಿಗ್ನಲ್ ಕೈಕಂಬ ಒಬ್ಬರದು, ಗೊಂಬೆ ಒಬ್ಬರದು, ವ್ಯಾಗನ್ ಇನ್ನೊಬ್ಬರದು. ಎಲ್ಲರ ಫೋಟೋನೂ ಅಲ್ಲೇ ತೆಗೆಯುವುದು, ಕೆಳಗೆ ಯಾವುದು ಯಾರದು ಅಂತ ಬರೆಯುವುದು. ಸ್ಟೇಷನ್ ಕೊಂಡವರಿಗೆ ಸಿಗ್ನಲ್ಲೂ ಬೇಕೇ ಬೇಕು. ಅದಕ್ಕೇ ನನ್ನ ಪಾರ್ಸೆಲ್‌ನಲ್ಲಿ ಉಳಿದ ಮೂವರ ಜಾಹೀರಾತು ಚೀಟಿ ಇರುತ್ತದೆ, ಅವರದರಲ್ಲಿ ನನ್ನದು. ಮೇಳದಲ್ಲಿ ಮಳಿಗೆ ಬಾಡಿಗೆಯನ್ನು ಸಮವಾಗಿ ಹಂಚಿಕೊಳ್ಳುತ್ತೇವೆ. ಯಾರು ಏನು ಮಾಡುವುದು ಅಂತ ಮೊದಲೇ ಮಾತಾಡಿಕೊಂಡಿದ್ದೇವೆ. ಇಬ್ಬರೂ ಗೂಡ್ಸ್ ಶೆಡ್ ಮಾಡಿದರೆ ಗುಂಪು ಉಳಿಯಲ್ಲ.

ಬಿಲ್ ಮಾತ್ರ ಒಬ್ಬರ ಹೆಸರಲ್ಲಿ ಹಾಕಬೇಡಿ. ಬೇರೆ ರಾಜ್ಯಕ್ಕೆ ಮಾಲು ಕಳಿಸುವುದಾದರೆ ವಹಿವಾಟು ಚಿಕ್ಕದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ನಾಲ್ವರ ಮಾರಾಟ ಒಬ್ಬರ ಲೆಕ್ಕಕ್ಕೆ ಬಂದರೆ ತೆರಿಗೆ ತಲೆನೋವೂ ಅವರದೇ. ಆರ್ಡರ್ ಒಂದೇ ಕಡೆ ತಗೊಳ್ಳಿ, ಬಿಲ್ ಅವರವರೇ ಕೊಡಲಿ. ಬರೀ ನಾಲ್ಕು ಜನಕ್ಕೆ ಸೊಸೈಟಿ ರಿಜಿಸ್ಟರ್ ಆಗುವುದಿಲ್ಲ, ಅದರ ಗೋಜಿಗೆ ಹೋಗಬೇಡಿ.

ಇನ್ನೊಂದು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ನಿಮ್ಮದು ದೊಡ್ಡವರ ಹವ್ಯಾಸದ ಕಿಟ್ ಆದರೆ ಡಬ್ಬಿ ಮೇಲೂ ಜಾಹೀರಾತಿನಲ್ಲೂ ಹಾಗೇ ಬರೆಯಿರಿ. ಗುಂಪಿನಲ್ಲಿ ಒಬ್ಬರು ಜಾಸ್ತಿ ಮಾರೋಣ ಅಂತ ‘ಮಕ್ಕಳ ಆಟಿಕೆ’ ಅಂದುಬಿಟ್ಟರೆ ಉಳಿದವರೂ ಉತ್ತರ ಹೇಳಬೇಕಾಗುತ್ತದೆ.

ನಿಮ್ಮೂರಿನ ಮಳೆ ನಿಮಗೇ ಗೊತ್ತು. ಕಿಟ್ ಕಟ್ ಮಾಡುವ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ತೇವಕ್ಕೆ ಉಬ್ಬುತ್ತದೆ, ಆಮೇಲೆ ಒಂದು ತುಂಡಿನ ತೂತಿಗೆ ಇನ್ನೊಂದರ ಪಟ್ಟಿ ಕೂರುವುದಿಲ್ಲ. ಮಳೆಗಾಲದ ಸ್ಟಾಕನ್ನು ಮೇ ತಿಂಗಳಲ್ಲೇ ಕಟ್ ಮಾಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸೀಲ್ ಮಾಡಿಡಿ. ಪೊಟ್ಟಣ ನಾಲ್ವರಿಗೂ ಸೇರಿಸಿ ಒಟ್ಟಿಗೆ ತರಿಸಿದರೆ ಅಗ್ಗ.