ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ 71ರ ಯುದ್ಧದ ಪದಕವೇ ಇಲ್ಲ, ಈಗ ಸೇರಿಸಬಹುದಾ?

ಪ್ರಶ್ನೆ: ನಮ್ಮಪ್ಪ 1963ರಲ್ಲಿ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸೇರಿ, 1979ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಮೇಲೆ ಬಂದವರು. 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು. ನದಿಗೆ ಸೇತುವೆ ಹಾಕಿದ್ದನ್ನು ಈಗಲೂ ಹೇಳುತ್ತಾರೆ. ಆದರೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕ ಅಂತ ಬರೆದಿರುವುದು ಎರಡೇ: ಸೈನ್ಯ ಸೇವಾ ಮೆಡಲ್ ಮತ್ತು ಒಂಬತ್ತು ವರ್ಷದ ಲಾಂಗ್ ಸರ್ವಿಸ್ ಮೆಡಲ್. 71ರ ಯುದ್ಧಕ್ಕೆ ಕೊಟ್ಟ ಪೂರ್ವಿ ಸ್ಟಾರ್ ಇಲ್ಲ, ಸಂಗ್ರಾಮ್ ಮೆಡಲ್ ಇಲ್ಲ. ಡಿಸೆಂಬರ್ 16ರ ವಿಜಯ ದಿವಸಕ್ಕೆ ಕರೆದರೆ ‘ನಾನು ಬರಲ್ಲ’ ಅಂತಾರೆ. 50 ವರ್ಷ ದಾಟಿತು, ಇನ್ನು ಆಗಲ್ಲ ಅಂತ ಒಬ್ಬರು ಹೇಳಿದರು. ಹದಿನೈದು ಸಾವಿರ ಕೊಟ್ಟರೆ ಮಾಡಿಸಿಕೊಡ್ತೀನಿ ಅಂತ ಇನ್ನೊಬ್ಬರು. ಏನು ಮಾಡಲಿ?
– ಮಗಳು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೊದಲು, ಆ ಹದಿನೈದು ಸಾವಿರ ಕೊಡಬೇಡಿ. ಈ ಕೆಲಸಕ್ಕೆ ಅಂಚೆ ಖರ್ಚು, ಜೆರಾಕ್ಸ್ ಖರ್ಚು ಬಿಟ್ಟರೆ ಹೆಚ್ಚೇನೂ ಬೇಕಿಲ್ಲ. ನಡುವೆ ಯಾರೂ ಬೇಕಿಲ್ಲ.

ನಾನು ಹಲವು ವರ್ಷ ರೆಕಾರ್ಡ್ ಆಫೀಸಿನಲ್ಲಿ, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಯಲ್ಲಿ, ಕ್ಲರ್ಕ್ ಆಗಿದ್ದವನು. ನಿಮ್ಮ ತಂದೆಯವರಂಥ ಕೇಸುಗಳನ್ನು ತುಂಬಾ ನೋಡಿದ್ದೇನೆ. 71ರ ಪದಕಗಳು ಬಂದಿದ್ದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಯೂನಿಟ್ ಬೇರೆ ಕಡೆ ಹೋಗಿರುತ್ತದೆ, ಜವಾನನಿಗೆ ಬೇರೆ ಯೂನಿಟ್ಟಿಗೆ ಪೋಸ್ಟಿಂಗ್ ಆಗಿರುತ್ತದೆ. ಹಳೇ ಯೂನಿಟ್ಟಿನವರು ‘ಹೊಸ ಯೂನಿಟ್ ನೋಡಿಕೊಳ್ಳುತ್ತದೆ’ ಅಂದುಕೊಳ್ಳುತ್ತಾರೆ. ಹೊಸ ಯೂನಿಟ್ಟಿನವರು ‘ಹಳೆಯವರೇ ಮಾಡಿರುತ್ತಾರೆ’ ಅಂದುಕೊಳ್ಳುತ್ತಾರೆ. ಹೀಗೆ ಹೆಸರು ಬಿಟ್ಟುಹೋಗುತ್ತದೆ. ನಿಮ್ಮ ತಂದೆಯವರ ತಪ್ಪು ಇದರಲ್ಲಿ ಏನೂ ಇಲ್ಲ. ಅದನ್ನು ಅವರಿಗೆ ನೀವು ಬಾಯಿಬಿಟ್ಟು ಹೇಳಿ.

ಈಗ ಒಂದು ವಿಷಯ ಬಿಡಿಸಿ ನೋಡಬೇಕು. ‘ಪದಕ ಇಲ್ಲ’ ಅನ್ನುವುದಕ್ಕೆ ಮೂರು ಅರ್ಥ ಇರಬಹುದು. ಪದಕ ಮಂಜೂರೇ ಆಗದಿರಬಹುದು. ಮಂಜೂರಾಗಿ ದಾಖಲೆಗೆ ಏರಿದ್ದರೂ ಮನೆಗೆ ಬರದೆ ಇರಬಹುದು. ಅಥವಾ ರೆಕಾರ್ಡ್ ಆಫೀಸಿನ ಕಡತದಲ್ಲಿ ಎಲ್ಲ ಸರಿಯಾಗಿದ್ದು, ಡಿಸ್ಚಾರ್ಜ್ ಬುಕ್ ತುಂಬಿಸಿದ ಕ್ಲರ್ಕ್ ಮಾತ್ರ ಬರೆಯಲು ಮರೆತಿರಬಹುದು. ಇದು ಯಾವುದು ಅಂತ ಗೊತ್ತಾಗದೆ ಬರೆದ ಅರ್ಜಿ ಮೇಜಿಂದ ಮೇಜಿಗೆ ಅಲೆಯುತ್ತದೆ.

ಅದು ಗೊತ್ತಾಗುವುದು ಶೀಟ್ ರೋಲಿನಿಂದ. ಡಿಸ್ಚಾರ್ಜ್ ಬುಕ್ ಅನ್ನುವುದು ಸೈನಿಕ ಮನೆಗೆ ಹೊರಡುವಾಗ ಕೈಗೆ ಕೊಡುವ ಪುಸ್ತಕ. ಅಸಲಿ ದಾಖಲೆ ಶೀಟ್ ರೋಲ್. ಅದು ರೆಕಾರ್ಡ್ ಆಫೀಸಿನಲ್ಲೇ ಇರುತ್ತದೆ. ರಜೆ, ಪೋಸ್ಟಿಂಗ್, ಬಡ್ತಿ, ಮದುವೆ, ಮಕ್ಕಳು, ಪದಕ, ಹೀಗೆ ಏನೇ ಆದರೂ ಯೂನಿಟ್ ಒಂದು ಪಾರ್ಟ್ ಟು ಆರ್ಡರ್ ಹೊರಡಿಸುತ್ತದೆ. ಆ ಆರ್ಡರ್ ನಂಬರಿನ ಮೇಲೆ ಶೀಟ್ ರೋಲಿನಲ್ಲಿ ಎಂಟ್ರಿ ಆಗುತ್ತದೆ. ಹಾಗಾಗಿ ಮೊದಲ ಪತ್ರದಲ್ಲಿ ಪದಕ ಕೇಳುವ ಮೊದಲು ಶೀಟ್ ರೋಲಿನ ಪ್ರತಿ ಕೇಳಿ.

ಮದ್ರಾಸ್ ಇಂಜಿನಿಯರ್ ಗ್ರೂಪಿನ ರೆಕಾರ್ಡ್ ಆಫೀಸ್ ಬೆಂಗಳೂರಿನಲ್ಲೇ ಇದೆ, ನಿಮ್ಮ ಅದೃಷ್ಟ. (ಇದನ್ನು ಓದುತ್ತಿರುವ ಬೇರೆಯವರಿಗೆ: ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಇಎಂಇ ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ, ಆರ್ಟಿಲರಿ ನಾಸಿಕ್ ರೋಡ್.) ಅರ್ಜಿಗೆ ನಿಮ್ಮ ತಂದೆಯವರೇ ಸಹಿ ಹಾಕಬೇಕು. ಅವರು ಇರುವಾಗ ನೀವು ಬರೆದರೆ ಅದು ಬೇರೆಯವರ ಅರ್ಜಿ ಅಂತಲೇ ಆಗುತ್ತದೆ. ಆರ್ಮಿ ನಂಬರ್, ರ‍್ಯಾಂಕ್, ಭರ್ತಿಯಾದ ದಿನ, ಡಿಸ್ಚಾರ್ಜ್ ಆದ ದಿನ, 1971ರ ಡಿಸೆಂಬರಿನಲ್ಲಿ ಇದ್ದ ಯೂನಿಟ್ ಮತ್ತು ಜಾಗ, ಇಷ್ಟು ಇರಲಿ.

ಹೆಸರಿನ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ. ಆಧಾರ್‌ನಲ್ಲಿ ಇರುವಂತೆ ಬರೆಯಬೇಡಿ, ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವಂತೆ ಬರೆಯಿರಿ. ನಮ್ಮ ಕಡೆಯ ಹೆಸರುಗಳನ್ನು ಆಗಿನ ಕ್ಲರ್ಕುಗಳು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ಅದರಲ್ಲಿ ಮನೆ ಹೆಸರು ಹಾರಿಹೋಗಿದ್ದೂ ಇದೆ, ಅಪ್ಪನ ಹೆಸರೇ ಮಗನ ಹೆಸರಾಗಿದ್ದೂ ಇದೆ. ಎರಡು ಹೆಸರು ಬೇರೆ ಬೇರೆ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ. ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ, ಪಿಪಿಒದ (ಪೆನ್ಷನ್ ಪಾವತಿ ಆದೇಶ), ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ. ಅಸಲು ಪುಸ್ತಕ ಯಾವ ಕಾರಣಕ್ಕೂ ಅಂಚೆಯಲ್ಲಿ ಕಳಿಸಬೇಡಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೂ ಒಂದು ಪ್ರತಿ ಕೊಟ್ಟು, ಅವರ ಮೂಲಕವೂ ಒಂದು ಪತ್ರ ಹೋಗುವಂತೆ ಕೇಳಿ. ಕಚೇರಿಯಿಂದ ಕಚೇರಿಗೆ ಹೋದ ಪತ್ರಕ್ಕೆ ಉತ್ತರ ಬೇಗ ಬರುತ್ತದೆ, ಇದು ನಾನು ಆ ಕಡೆ ಕೂತು ಕಂಡಿದ್ದು.

ಉತ್ತರವೇ ಬರದಿದ್ದರೆ ತಂದೆಯವರ ಹೆಸರಿನಲ್ಲೇ ಆರ್‌ಟಿಐ ಹಾಕಿ. ಸೇನೆ ಆರ್‌ಟಿಐ ಅಡಿ ಬರುತ್ತದೆ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ ಇದೆ. ‘ಯಾಕೆ ಪದಕ ಕೊಟ್ಟಿಲ್ಲ’ ಅಂತ ಕೇಳಬೇಡಿ. ‘ಇಂಥ ನಂಬರಿನ ಸೈನಿಕನ ಶೀಟ್ ರೋಲಿನ ಪ್ರತಿ ಕೊಡಿ, ಪದಕಗಳ ಪಾರ್ಟ್ ಟು ಆರ್ಡರ್ ನಂಬರ್ ಮತ್ತು ದಿನಾಂಕ ಕೊಡಿ’ ಅಂತ ಕೇಳಿ. ಆರ್‌ಟಿಐನಲ್ಲಿ ಕಾಗದ ಸಿಗುತ್ತದೆ, ಜಗಳಕ್ಕೆ ಉತ್ತರ ಸಿಗಲ್ಲ.

ಶೀಟ್ ರೋಲಿನಲ್ಲಿ ಎಂಟ್ರಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇರಿಸಿ, ಪದಕ ಬಂದಿಲ್ಲದಿದ್ದರೆ ಕಳಿಸಿ ಅಂತ ಕೇಳಬಹುದು. ಎಂಟ್ರಿ ಇಲ್ಲದಿದ್ದರೆ ಸಾಕ್ಷಿ ಬೇಕು. ಇಲ್ಲಿ ಒಂದೊಂದು ಪದಕಕ್ಕೆ ಒಂದೊಂದು ಲೆಕ್ಕ. ನೀವು ಬರೆಯದೇ ಇರುವ ಇನ್ನೊಂದು ಪದಕವೂ ತಂದೆಯವರಿಗೆ ಸೇರಬೇಕು ನೋಡಿ: ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಅದು. ತಂದೆಯವರು 1963ರಿಂದ 1979ರವರೆಗೆ ಇದ್ದರು, ಅಲ್ವಾ? ಡಿಸ್ಚಾರ್ಜ್ ಬುಕ್ಕಿನ ಎರಡು ದಿನಾಂಕಗಳೇ ಅದಕ್ಕೆ ಸಾಕ್ಷಿ. ಅದನ್ನೂ ಅರ್ಜಿಯಲ್ಲಿ ಸೇರಿಸಿ.

ಪೂರ್ವಿ ಸ್ಟಾರ್ ಹಾಗಲ್ಲ. 1971ರ ಡಿಸೆಂಬರ್ 3ರಿಂದ 16ರ ನಡುವೆ ತಂದೆಯವರು ಯಾವ ಜಾಗದಲ್ಲಿದ್ದರು ಅನ್ನುವುದೇ ಅದಕ್ಕೆ ಮುಖ್ಯ. ಅವರ ಪಕ್ಕ ಕೂತು ಕೇಳಿ. ಯಾವ ಕಂಪನಿ, ಕಮಾಂಡರ್ ಯಾರು, ಯಾವ ನದಿ, ಗಡಿ ದಾಟಿದ್ದು ಯಾವತ್ತು. ಒಂದೇ ದಿನ ಎಲ್ಲ ಕೇಳಬೇಡಿ, ನಾಲ್ಕೈದು ದಿನ ಸುಮ್ನೆ ಮಾತಿಗೆ ಕೂರಿಸಿಕೊಂಡು ಬರೆದುಕೊಳ್ಳಿ. ಟ್ರಂಕಿನಲ್ಲಿ ಹಳೇ ಇನ್‌ಲ್ಯಾಂಡ್ ಪತ್ರಗಳು ಇವೆಯಾ ನೋಡಿ. 99 ಎಪಿಒ ಅಥವಾ 56 ಎಪಿಒ ಅನ್ನುವ ಸೇನಾ ಅಂಚೆಯ ವಿಳಾಸ, ಯೂನಿಟ್ಟಿನ ಹೆಸರು, ಅಂಚೆ ಮುದ್ರೆಯ ದಿನಾಂಕ ಇರುವ ಒಂದು ಪತ್ರ ದೊಡ್ಡ ಸಾಕ್ಷಿ. ಅದೇ ಕಂಪನಿಯಲ್ಲಿದ್ದ, ಪೂರ್ವಿ ಸ್ಟಾರ್ ಸಿಕ್ಕಿರುವ ಇಬ್ಬರು ಸಂಗಡಿಗರು ಬದುಕಿದ್ದರೆ ಅವರಿಂದ ಅಫಿಡವಿಟ್ ಮಾಡಿಸಿ, ಅವರ ಡಿಸ್ಚಾರ್ಜ್ ಬುಕ್ಕಿನ ಪುಟವನ್ನೂ ಜೊತೆಗಿಡಿ. ಇದನ್ನು ಮುಂದಕ್ಕೆ ಹಾಕಬೇಡಿ. ಆ ಪೀಳಿಗೆಯವರಿಗೆ ಈಗ ಎಂಬತ್ತರ ಆಸುಪಾಸು. ಸೇತುವೆ ಹಾಕಿದ ಕಂಪನಿ ಎಲ್ಲಿತ್ತು ಅನ್ನುವುದು ಯೂನಿಟ್ಟಿನ ವಾರ್ ಡೈರಿಯಲ್ಲೂ ಇರುತ್ತದೆ. ಅದನ್ನು ನೋಡಿ ತಾಳೆ ಹಾಕಿ ಅಂತ ಅರ್ಜಿಯಲ್ಲೇ ಕೋರಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಂದೆಯವರ ಕಂಪನಿ ಆ ದಿನಗಳಲ್ಲಿ ಗೊತ್ತುಮಾಡಿದ ಪ್ರದೇಶದ ಹೊರಗಿದ್ದರೆ ಪೂರ್ವಿ ಸ್ಟಾರ್ ಬರದೆ, ಸಂಗ್ರಾಮ್ ಮೆಡಲ್ ಮಾತ್ರ ಬರಬಹುದು. ಹಾಗಾದರೆ ಅವರು ಮಾಡಿದ್ದು ಕಡಿಮೆ ಅಂತ ಅಲ್ಲವೇ ಅಲ್ಲ.

‘50 ವರ್ಷ ಆಯಿತು, ಆಗಲ್ಲ’ ಅಂದವರಿಗೆ ನಿಮ್ಮ ಕೊಡಗಿನವರದ್ದೇ ಉದಾಹರಣೆ ಕೊಡಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಮರಳಿ ಬರಲಿಲ್ಲ. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಅವರು ಹೊಡೆದುರುಳಿಸಿದ್ದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಕಡೆಯ ಮಾಹಿತಿ ಹೊರಬಂದು, 1988ರಲ್ಲಿ ಅವರಿಗೆ ಮಹಾವೀರ ಚಕ್ರ ಬಂತು. 23 ವರ್ಷದ ಮೇಲೆ! ಅದು ಹೊಸದಾಗಿ ಶೌರ್ಯ ಪ್ರಶಸ್ತಿ ಕೊಟ್ಟ ಸಂಗತಿ, ಸರ್ಕಾರದ ಮಟ್ಟದಲ್ಲಿ ನಡೆದದ್ದು. ನಿಮ್ಮದು ಅಷ್ಟು ದೊಡ್ಡದಲ್ಲ. ಆಗಲೇ ಸಲ್ಲಬೇಕಿದ್ದನ್ನು ಕಾಗದಕ್ಕೆ ಏರಿಸುವುದು, ಅಷ್ಟೇ.

ಕಡತವೇ ನಾಶ ಆಗಿದ್ದರೆ ಅಂತ ಭಯ ಬೇಡ. ಪೆನ್ಷನ್ ಇಲ್ಲದೆ ಬಂದವರ ಕಡತಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮ ಇದೆ. ಅವರಿಗೂ ಲಾಂಗ್ ರೋಲ್ ಅನ್ನುವ ರಿಜಿಸ್ಟರಿನಲ್ಲಿ ಹೆಸರು ಉಳಿದಿರುತ್ತದೆ. ನಿಮ್ಮ ತಂದೆಯವರು ಪೆನ್ಷನರ್, ಆ 25 ವರ್ಷದ ನಿಯಮ ಅವರಿಗೆ ತಾಕುವುದಿಲ್ಲ.

ದಾಖಲೆ ಸರಿಯಾಗುವವರೆಗೆ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದಕ್ಷರವನ್ನೂ ಮನೆಯಲ್ಲಿ ಬರೆಯಬೇಡಿ. ಅಂಗಡಿಯಲ್ಲಿ ಪೂರ್ವಿ ಸ್ಟಾರ್ ಸಿಗುತ್ತದೆ, ಅದನ್ನು ಕೊಂಡು ಹಾಕಿಸಲೂ ಬೇಡಿ. ಮಂಜೂರಾದ ಪತ್ರ ಕೈಗೆ ಬಂದ ಮೇಲೆ, ಅಸಲು ಪದಕ ತಡವಾದರೆ, ಅಂಗಡಿಯದನ್ನೇ ಹಾಕಿಕೊಳ್ಳಲಿ. ಸೇವೆಯಲ್ಲಿರುವವರೂ ಹಾಗೆ ಮಾಡುತ್ತಾರೆ.

ಆದರೆ ಪದಕ ಬರುವವರೆಗೂ ಕಾಯದೆ ಈ ಡಿಸೆಂಬರ್ 16ಕ್ಕೇ ಅವರನ್ನು ಕರೆದುಕೊಂಡು ಹೋಗಿ. ಸೈನ್ಯ ಸೇವಾ ಮೆಡಲ್ ಮತ್ತು ಒಂಬತ್ತು ವರ್ಷದ ಮೆಡಲ್ ಅವರ ಹತ್ತಿರ ಇವೆಯಲ್ಲ. ಹಳೇ ಸ್ಯಾಪರ್‌ಗಳು (ಇಂಜಿನಿಯರ್ ಗ್ರೂಪಿನ ಸೈನಿಕರು) ಅಲ್ಲಿ ಸಿಕ್ಕರೆ ಅಫಿಡವಿಟ್ಟಿಗೂ ದಾರಿಯಾಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಸೇನಾ ಮೆಡಲ್ ಬಂದಿತ್ತು. ಅವರು ತೀರಿಕೊಂಡು ಮೂರು ವರ್ಷ. ಪಿಪಿಒದಲ್ಲಿ ಪದಕದ ಹೆಸರೇ ಇಲ್ಲ. ಇದಕ್ಕೆ ತಿಂಗಳಿಗೆ ಹಣ ಬರುತ್ತದೆ ಅಂತಾರೆ, ನಿಜವಾ?
– ಓದುಗರು, ಹಾಸನ ಜಿಲ್ಲೆ

ಉತ್ತರ: ನಿಜ, ಆದರೆ ಸೇನಾ ಮೆಡಲ್ ಶೌರ್ಯಕ್ಕಾಗಿ ಬಂದದ್ದಾಗಿದ್ದರೆ ಮಾತ್ರ. ವಿಶಿಷ್ಟ ಸೇವೆಗೆ ಕೊಟ್ಟ ಸೇನಾ ಮೆಡಲ್‌ಗೆ ಈ ಭತ್ಯೆ ಇಲ್ಲ. ಶೌರ್ಯದ್ದಕ್ಕೆ 2017ರ ಆಗಸ್ಟ್ 1ರಿಂದ ತಿಂಗಳಿಗೆ 2,000 ರೂಪಾಯಿ. ಪದಕ ಪಡೆದವರು ತೀರಿಕೊಂಡ ಮೇಲೆ ಅದು ಹೆಂಡತಿಗೆ ಸಲ್ಲುತ್ತದೆ. ನಿಮಗೆ ಮುಖ್ಯವಾಗಿ ಬೇಕಾದದ್ದು ಗೆಜೆಟ್. ಶೌರ್ಯ ಪದಕಗಳು ಭಾರತ ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾಗುತ್ತವೆ, ಯಾವ ಬಗೆಯ ಸೇನಾ ಮೆಡಲ್ ಅನ್ನುವುದು ಅಲ್ಲೇ ತಿಳಿಯುತ್ತದೆ. ಅದರ ಪ್ರತಿ, ಪಿಪಿಒ, ಮರಣ ಪತ್ರದ ಜೊತೆ ಯಜಮಾನರ ರೆಕಾರ್ಡ್ ಆಫೀಸಿಗೆ ಬರೆಯಿರಿ. ತಿದ್ದುಪಡಿ ಪಿಪಿಒ ಹೊರಡಿಸುವುದು ಪ್ರಯಾಗರಾಜಿನ ರಕ್ಷಣಾ ಪೆನ್ಷನ್ ಕಚೇರಿ, ಆದರೆ ಕೇಸು ಹೊರಡಬೇಕಾದದ್ದು ರೆಕಾರ್ಡ್ ಆಫೀಸಿನಿಂದ. ಬ್ಯಾಂಕಿಗೆ ಅಲೆದು ಪ್ರಯೋಜನ ಇಲ್ಲ. ಅವರು ಬದುಕಿದ್ದಾಗಲೂ ಭತ್ಯೆ ಬಂದಿರಲಿಲ್ಲ ಅಂದರೆ ಆ ಬಾಕಿಯನ್ನೂ ಅದೇ ಪತ್ರದಲ್ಲಿ ಕೇಳಿ, ಇನ್ನೊಂದು ಸಲ ಬರೆಯುವುದು ತಪ್ಪುತ್ತದೆ.