ಅಪ್ಪ ಅಮ್ಮನ ಜೊತೆ ಯೆಲ್ಲೋಸ್ಟೋನ್, ಗ್ಲೇಸಿಯರ್‌ಗೆ ಆರ್‌ವಿ ತಗೊಂಡು ಹೋಗ್ಬೋದಾ, ಇಲ್ಲಾ ಕಾರು-ಹೋಟೆಲ್ಲೇ ವಾಸಿನಾ?

ಜುಲೈನಲ್ಲಿ ಊರಿಂದ ಅಪ್ಪ ಅಮ್ಮ ಬರ್ತಿದಾರೆ, ಸಾಲ್ಟ್ ಲೇಕ್ ಸಿಟಿಲಿ ಆರ್‌ವಿ (ಒಳಗೇ ಹಾಸಿಗೆ, ಅಡುಗೆಮನೆ, ಬಾತ್ರೂಮು ಇರೋ ಗಾಡಿ) ಬಾಡಿಗೆಗೆ ತಗೊಂಡು ಅಮೆರಿಕಾದ ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್, ಗ್ಲೇಸಿಯರ್ ಮೂರೂ ನ್ಯಾಷನಲ್ ಪಾರ್ಕ್ ನೋಡ್ಕೊಂಡು ಬಂದ್ರೆ ಹೋಟೆಲ್ ದುಡ್ಡೂ ಉಳಿಯತ್ತಲ್ವಾ ಅಂತ ಕೇಳಿದೀರಿ. ಉಳಿಯಲ್ಲ. ದಿನದ ಬಾಡಿಗೆ ಬೇರೆ, ಮೈಲಿಗಿಷ್ಟು ಅಂತ ಬೇರೆ, ಜನರೇಟರ್‌ಗೆ ಗಂಟೆಗಿಷ್ಟು ಅಂತ ಬೇರೆ, ರಾತ್ರಿ ಗಾಡಿ ನಿಲ್ಲಿಸೋ ಕ್ಯಾಂಪ್‌ಗ್ರೌಂಡ್ ಚಾರ್ಜು ಮತ್ತೂ ಬೇರೆ, ಅದರ ಮೇಲೆ ಗಾಡಿ ಗ್ಯಾಲನ್‌ಗೆ 8-10 ಮೈಲಿ ಕೊಟ್ರೆ ಹೆಚ್ಚು. ಆದ್ರೂ ವಯಸ್ಸಾದವರು ಜೊತೇಲಿದ್ರೆ ನಾನು ಆರ್‌ವಿನೇ ಅಂತೀನಿ, ಯಾಕಂದ್ರೆ ಬಾತ್ರೂಮು ಮತ್ತೆ ಅಡುಗೆಮನೆ ಎರಡೂ ಬೆನ್ನ ಹಿಂದೇನೇ ಇರತ್ತೆ, ಕಾರಲ್ಲಿ ಕೂತ್ಕೊಂಡು ರೆಸ್ಟ್‌ರೂಮ್ ಎಷ್ಟು ದೂರ ಅಂತ ಸಂಕೋಚದಲ್ಲಿ ಕೇಳೋ ಪರಿಸ್ಥಿತಿ ಇರಲ್ಲ.

ಗಾಡಿ ತಗೊಳೋದಾದ್ರೆ ಕ್ಲಾಸ್ ಸಿ (ಮುಂದೆ ವ್ಯಾನಿನ ಥರ, ಹಿಂದೆ ಮನೆ ಇರೋದು), 25 ಅಡಿ ಒಳಗಿಂದು ಸಾಕು, ಮಾಮೂಲಿ ಕಾರ್ ಲೈಸೆನ್ಸೇ ನಡೆಯತ್ತೆ. ನಾಲ್ಕು ಜನಕ್ಕೆ ಬಸ್ಸಿನಂಥ ಕ್ಲಾಸ್ ಎ ಎಲ್ಲಾ ಬೇಡ. ಆದ್ರೆ ಎಲ್ಲರೂ ಎಡವೋದು ಗಾಡಿ ಸೈಜಲ್ಲಲ್ಲ, ಮನೇನೇ ಜೊತೇಲಿದೆಯಲ್ಲ ಅಂತ ದಿನಾ ಒಂದೂರಿಗೆ ಓಡ್ತಾರಲ್ಲ, ಅಲ್ಲಿ. ಒಂದ್ಸಲ ಗಾಡಿ ಲೆವೆಲ್ ಮಾಡಿ ಕರೆಂಟು ನೀರು ಕನೆಕ್ಟ್ ಮಾಡಿದ ಮೇಲೆ ಹಾಲು ತರೋಕೆ ಹೋಗ್ಬೇಕು ಅಂದ್ರೂ ಎಲ್ಲಾ ಕಿತ್ತು, ಪಾತ್ರೆ ಒಳಗಿಟ್ಟು, ಕಬೋರ್ಡ್ ಬಾಗಿಲು ಚೆಕ್ ಮಾಡಿ ಹೊರಡಬೇಕು. ಅದಕ್ಕೆ ಮನೇಲಿ ಇನ್ನೊಬ್ರು ಡ್ರೈವ್ ಮಾಡೋರಿದ್ರೆ ಹಿಂದೆ ಒಂದು ಕಾರೂ ಬರ್ಲಿ. ಆರ್‌ವಿನ ನೀರಿನ ಹತ್ತಿರ ಒಂದು ಕಡೆ ಮೂರ್ನಾಲ್ಕು ದಿನ ನಿಲ್ಲಿಸಿಬಿಡಿ, ಸುತ್ತಾಟ ಎಲ್ಲ ಕಾರಲ್ಲಿ. ಅಪ್ಪನಿಗೆ ಸುಸ್ತಾದ ದಿನ ಅವರು ಕುರ್ಚಿ ಹೊರಗೆ ಹಾಕ್ಕೊಂಡು ಕೂರ್ತಾರೆ, ನೀವು ಹೋಗ್ಬನ್ನಿ. ಕಾರಿಲ್ಲ ಅಂದ್ರೆ ಯೆಲ್ಲೋಸ್ಟೋನ್‌ನ ಬಿಸಿನೀರಿನ ಚಿಲುಮೆ ಓಲ್ಡ್ ಫೇತ್‌ಫುಲ್ ಥರದ ಜಾಗಕ್ಕೆ ಬೆಳಗ್ಗೆ ಬೇಗ ಹೋಗ್ಬೇಕು, ಲೇಟಾದ್ರೆ ಅಷ್ಟುದ್ದದ ಗಾಡಿಗೆ ಪಾರ್ಕಿಂಗ್ ಹುಡುಕೋದೇ ಒಂದು ಕೆಲಸ.

ದಾರಿ ಹೇಳ್ತೀನಿ. ಸಾಲ್ಟ್ ಲೇಕಿಂದ ಲೋಗನ್ ಕ್ಯಾನ್ಯನ್ ಹತ್ತಿ ಬೇರ್ ಲೇಕ್ ಮೇಲೆ ಆಲ್ಪೈನ್‌ಗೆ ಬನ್ನಿ (ಬೇರ್ ಲೇಕಲ್ಲಿ ರಾಸ್ಪ್‌ಬೆರಿ ಶೇಕ್ ಕುಡೀದೆ ಬರಬೇಡಿ), ಅಲ್ಲಿಂದ ಜ್ಯಾಕ್ಸನ್ ಕಡೆಗೆ ಯುಎಸ್ 89ರಲ್ಲಿ ಸ್ನೇಕ್ ನದಿ ರಸ್ತೆ ಪಕ್ಕದಲ್ಲೇ ಬರತ್ತೆ, ಕೆಳಗೆ ರ‍್ಯಾಫ್ಟುಗಳು ಹೋಗ್ತಿರತ್ತೆ, ಸಖತ್ತಾಗಿರತ್ತೆ. ಐಡಹೋ ಫಾಲ್ಸ್ ಮೇಲೆ ಹೋದ್ರೆ ಮಾತ್ರ ಹುಷಾರು, ಜಿಪಿಎಸ್ ನಿಮ್ಮನ್ನ ಟೀಟನ್ ಪಾಸ್‌ಗೆ ಹತ್ತಿಸಬಹುದು, ಅಲ್ಲಿ ಶೇಕಡಾ 10ರ ಇಳಿಜಾರಿದೆ. ಇಳಿಜಾರು ಎಲ್ಲೇ ಬರ್ಲಿ, ಟೋ-ಹಾಲ್ (ಭಾರದ ಗಾಡಿಗೆ ಗೇರ್ ಹೊಂದಿಸೋ) ಬಟನ್ ಒತ್ತಿ ಗೇರ್ ಕೆಳಗಿಳಿಸಿ ಇಂಜಿನ್ನೇ ಗಾಡಿ ಹಿಡಿಯೋಕೆ ಬಿಡಿ, ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿಬೇಡಿ. ಹಿಂದೆ ನಾಲ್ಕೈದು ಕಾರು ಸೇರಿದ್ರೆ ರಸ್ತೆ ಪಕ್ಕ ನಿಲ್ಲಿಸೋಕೆ ಬಿಟ್ಟಿರೋ ಟರ್ನೌಟಲ್ಲಿ ಸೈಡಿಗೆ ಹಾಕಿ ದಾರಿ ಕೊಡಿ.

ಟೀಟನ್‌ನಲ್ಲಿ ಕೋಲ್ಟರ್ ಬೇ ಆರ್‌ವಿ ಪಾರ್ಕ್, ಯೆಲ್ಲೋಸ್ಟೋನ್‌ನಲ್ಲಿ ಫಿಶಿಂಗ್ ಬ್ರಿಡ್ಜ್, ಇವೆರಡು ಹಿಡೀರಿ. ಯೆಲ್ಲೋಸ್ಟೋನ್ ಒಳಗೆ ಕರೆಂಟು, ನೀರು, ಸೂಯೆಜು ಮೂರೂ ಕನೆಕ್ಷನ್ ಇರೋದು ಫಿಶಿಂಗ್ ಬ್ರಿಡ್ಜಲ್ಲಿ ಮಾತ್ರ. ಅಲ್ಲಿ ಗ್ರಿಜ್ಲಿ ಕರಡಿ ಓಡಾಡೋದ್ರಿಂದ ಟೆಂಟಿಗೆ ಬಿಡಲ್ಲ, ಗಟ್ಟಿ ಗೋಡೆ ಇರೋ ಗಾಡಿಗಳಷ್ಟೇ. ಹಾಗಾಗಿ ಅಡುಗೆ ಆದ್ಮೇಲೆ ಒಂದು ಚಮಚಾನೂ ಹೊರಗಿನ ಟೇಬಲ್ ಮೇಲೆ ಬಿಡಬೇಡಿ ಅಂತ ಅಮ್ಮನಿಗೆ ಮೊದ್ಲೇ ಹೇಳಿಡಿ. ಪಕ್ಕದ ಯೆಲ್ಲೋಸ್ಟೋನ್ ಕೆರೆ ಇರೋದೇ 7,700 ಅಡಿ ಮೇಲೆ, ನೀರು ಸುಮಾರು 92 ಡಿಗ್ರಿಗೇ ಕುದ್ದುಬಿಡತ್ತೆ, ತೆರೆದ ಪಾತ್ರೇಲಿ ಬೇಳೆ ಬೇಗ ಬೇಯಲ್ಲ ಅಂದ್ರೆ ಬೇಯಲ್ಲ. ಕುಕ್ಕರ್ ತಗೊಂಡೋಗಿ, ಮನೆಗಿಂತ ಒಂದೆರಡು ವಿಷಲ್ ಜಾಸ್ತಿ ಹಾಕಿಸಿ. ಒಗ್ಗರಣೆ ಹಾಕೋ ಮುಂಚೆ ಮೇಲಿನ ಫ್ಯಾನ್ ಆನ್ ಮಾಡಿ, ಇಲ್ಲಾಂದ್ರೆ ಸಾಸಿವೆ ಸಿಡಿಯೋದ್ರೊಳಗೆ ಸ್ಮೋಕ್ ಅಲಾರ್ಮ್ ಕೂಗತ್ತೆ. ಸ್ವೆಟರ್ ಮರೀಬೇಡಿ, ಜುಲೈ ಆದ್ರೂ ರಾತ್ರಿ ಅಲ್ಲಿ ಸರಿಯಾದ ಚಳಿ.

ಎಲ್ಲರೂ ಹೆದರೋ, ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡೋ ಕೆಲಸ ಹತ್ತು ನಿಮಿಷದ್ದು. ಗ್ಲೌಸ್ ಹಾಕ್ಕೊಂಡು ಪೈಪ್ ತಿರುಗಿಸಿ ಲಾಕ್ ಮಾಡಿ, ಇನ್ನೊಂದು ತುದಿ ಗುಂಡಿಯೊಳಗೆ ಸರಿಯಾಗಿ ಕೂತಿದೆಯಾ ನೋಡಿ, ಮೊದ್ಲು ಟಾಯ್ಲೆಟ್ ಟ್ಯಾಂಕಿನ ಹಿಡಿ ಎಳೀರಿ, ಅದು ಪೂರ್ತಿ ಇಳಿದ ಮೇಲೆ ಪಾತ್ರೆ-ಸ್ನಾನದ ನೀರಿನದು, ಆ ನೀರೇ ಪೈಪ್ ತೊಳ್ಕೊಂಡು ಹೋಗತ್ತೆ. ನಮ್ಮಪ್ಪ ಪಕ್ಕದಲ್ಲಿ ನಿಂತು "ಇದಕ್ಕೂ ನಾವೇ ದುಡ್ಡು ಕೊಟ್ಟಿದೀವಾ" ಅಂತ ಕೇಳಿದ್ರು. ಅಂದಹಾಗೆ ನಮ್ಮವರ ಚೊಂಬಿನ ಅಭ್ಯಾಸ ಆ ಟ್ಯಾಂಕಿಗೆ ಒಳ್ಳೇದೇ, ನೀರು ಕಮ್ಮಿ ಬಿದ್ರೇನೇ ಅದು ಕಟ್ಕೊಳೋದು. ಬೇಗ ತುಂಬೋದು ಪಾತ್ರೆ ತೊಳೆದ ನೀರಿನ ಟ್ಯಾಂಕು, ಸಾರಿನ ಪಾತ್ರೆನ ಪೇಪರಲ್ಲಿ ಒರೆಸಿ ಆಮೇಲೆ ತೊಳೀರಿ.

ಗ್ಲೇಸಿಯರ್ ವಿಷ್ಯ. ಯೆಲ್ಲೋಸ್ಟೋನಿಂದ ಸುಮಾರು 400 ಮೈಲಿ, ಆರ್‌ವಿಲಿ ಒಂದಿಡೀ ದಿನ, ನಿಮ್ಮ ಹತ್ರ ಒಂದೇ ವಾರ ಇದ್ರೆ ಬಿಟ್ಬಿಡಿ. ಹೋದ್ರೂ ಅಲ್ಲಿನ ಗೋಯಿಂಗ್ ಟು ದ ಸನ್ ರಸ್ತೇಲಿ ಬೆಟ್ಟ ಹತ್ತೋ ಭಾಗಕ್ಕೆ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿ ಬಿಡಲ್ಲ. 1933ರಲ್ಲಿ ಓಪನ್ ಆದ ರಸ್ತೆ ಅದು, ಒಂದು ಕಡೆ ಬಂಡೆ ತಲೆ ಮೇಲೇ ಬಾಗಿರತ್ತೆ. ಆರ್‌ವಿ ಕೆಳಗೆ ನಿಲ್ಲಿಸಿ 1930ರ ದಶಕದ ಆ ಕೆಂಪು ಟೂರ್ ಬಸ್ಸಲ್ಲಿ ಸೀಟ್ ಬುಕ್ ಮಾಡಿ, ಮೇಲಿನ ಬಟ್ಟೆ ಛಾವಣಿ ಸುತ್ತಿಬಿಡ್ತಾರೆ, ಕತ್ತೆತ್ತಿದ್ರೆ ಬೆಟ್ಟ ಪೂರ್ತಿ ಕಾಣತ್ತೆ, ನಿಮಗೂ ಸ್ಟೀರಿಂಗ್ ಬಿಟ್ಟು ನೋಡೋ ಅವಕಾಶ.

ಗಾಡಿ ಬುಕ್ ಮಾಡೋ ಮುಂಚೆ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿ, ಜುಲೈಗೆ ತಿಂಗಳುಗಟ್ಟಲೆ ಮೊದಲೇ ತುಂಬೋಗತ್ತೆ. ಪಾರ್ಕ್ ಒಳಗೆ ಸಿಗದಿದ್ರೆ ವೆಸ್ಟ್ ಯೆಲ್ಲೋಸ್ಟೋನ್ ಅಥವಾ ಗಾರ್ಡಿನರ್‌ನಲ್ಲಿ ಪ್ರೈವೇಟ್ ಆರ್‌ವಿ ಪಾರ್ಕ್ ನೋಡಿ. ಅಲ್ಲೂ ಸಿಗಲಿಲ್ವಾ, ಆಗ ಆರ್‌ವಿ ಆಸೆ ಬಿಟ್ಟು ಕಾರಲ್ಲೇ ಹೋಗಿ, ರಾತ್ರಿ ಹತ್ತಕ್ಕೆ ಎಲ್ಲಿ ನಿಲ್ಲಿಸೋದು ಅಂತ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಅಲೆಯೋದು ಬೇಡ.