ಟ್ರಂಕಿನಿಂದ ಕಪಾಟಿನವರೆಗಿನ ದಾರಿ ಬರೆಯಿರಿ

ಪ್ರಿಯ ಲೇಖಕರೇ,

ನಮಸ್ಕಾರ. ‘ಅಮೆರಿಕದ ಗ್ರಂಥಾಲಯಗಳಲ್ಲಿ ಮಾರ್ಮನ್ ದಾಖಲೆಗಳು’ ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳಲಾರೆ. ವಿಷಯ ತುಂಬಾ ಚೆನ್ನಾಗಿದೆ, ನೀವು ಓದಿಕೊಂಡಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಪ್ಯಾರಾ ಪೂರ್ತಿ ತೆಗೆಯಿರಿ. ‘ಗ್ರಂಥಾಲಯವೆಂಬುದು ಜ್ಞಾನದ ಮಹಾಸಾಗರ’ ಅನ್ನುವ ಮಾತು ಯಾವ ಊರಿನ ಯಾವ ಗ್ರಂಥಾಲಯಕ್ಕೂ ಹೊಂದುತ್ತದೆ. ಹಾಗಾಗಿ ಇಲ್ಲಿ ಅದು ಏನನ್ನೂ ಹೇಳುವುದಿಲ್ಲ. ಆಮೇಲಿನ ಎರಡು ಪುಟದಲ್ಲಿ ಹಂಟಿಂಗ್ಟನ್, ಬ್ಯಾಂಕ್ರಾಫ್ಟ್, ಯೇಲ್ ವಿಶ್ವವಿದ್ಯಾಲಯದ ಬೈನಕಿ, ಸಾಲ್ಟ್ ಲೇಕ್ ಸಿಟಿಯ ಚರ್ಚ್ ಹಿಸ್ಟರಿ ಲೈಬ್ರರಿ ಎಂದು ಹೆಸರುಗಳನ್ನು ಸಾಲಾಗಿ ನಿಲ್ಲಿಸಿದ್ದೀರಿ. ತಪ್ಪೇನಿಲ್ಲ. ಆದರೆ ಆ ಕಾಗದ ಆ ಕಪಾಟಿಗೆ ಹೇಗೆ ಬಂತು? ಅದಕ್ಕೂ ಮೊದಲು ಯಾರ ಮನೆಯ ಟ್ರಂಕಿನಲ್ಲಿತ್ತು? ಯಾರು ಹೋಗಿ ಬಾಗಿಲು ತಟ್ಟಿ ಕೇಳಿದರು? ನಿಮ್ಮ ಹನ್ನೊಂದು ಪುಟದಲ್ಲಿ ಒಂದು ಕಾಗದವೂ ನನ್ನ ಕಣ್ಣೆದುರು ಮನೆ ಬಿಟ್ಟು ಹೊರಡಲಿಲ್ಲ. ನನ್ನ ಮುಖ್ಯ ದೂರು ಇದೇ.

ಮಾರ್ಮನ್ನರ, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರ, ಮನೆಗಳಲ್ಲಿ ಇಷ್ಟೊಂದು ದಿನಚರಿಗಳು ಯಾಕಿದ್ದವು ಅನ್ನುವುದನ್ನೂ ನೀವು ಹೇಳಿಲ್ಲ. ಅದು ಗೊತ್ತಾಗದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಈ ಚರ್ಚ್ ಸ್ಥಾಪಿಸಿದರಲ್ಲ, ಅದೇ ದಿನ ಬಂತೆಂದು ಅವರು ನಂಬುವ ದೇವವಾಣಿಯಲ್ಲಿ ಮೊದಲ ಮಾತೇ ‘ನಿಮ್ಮಲ್ಲಿ ದಾಖಲೆ ಇಡಬೇಕು’ ಎಂದು. ಬರೆದಿಡುವುದು ಅವರಿಗೆ ಹವ್ಯಾಸವಾಗಿರಲಿಲ್ಲ, ಧರ್ಮದ ಕೆಲಸವಾಗಿತ್ತು. ಗಾಡಿ ಕಟ್ಟಿಕೊಂಡು ಯೂಟಾದ ಕಡೆ ಹೊರಟ ಸಾಮಾನ್ಯ ರೈತನೂ ಇವತ್ತು ಎಷ್ಟು ಮೈಲಿ ನಡೆದೆವು, ಯಾರ ಮಗು ತೀರಿಕೊಂಡಿತು ಅಂತ ಬರೆದಿಟ್ಟ. ಸಂಶೋಧನಾ ಗ್ರಂಥಾಲಯಗಳು ನೂರು ವರ್ಷದ ಮೇಲೆ ಹುಡುಕಿಕೊಂಡು ಹೋದದ್ದು ಈ ಪುಸ್ತಕಗಳನ್ನೇ. ಈ ಒಂದು ಪ್ಯಾರಾ ನಿಮ್ಮ ಲೇಖನದ ಬುಡದಲ್ಲಿರಬೇಕು.

ಇನ್ನು ಹ್ವಾನಿಟಾ ಬ್ರೂಕ್ಸ್. ಅವರ ಬಗ್ಗೆ ನೀವು ಬರೆದಿರುವುದು ಅರ್ಧ ವಾಕ್ಯ: ‘ಇತಿಹಾಸಕಾರ್ತಿಯೊಬ್ಬರು ಅನೇಕ ದಿನಚರಿಗಳನ್ನು ಸಂಗ್ರಹಿಸಿದರು.’ ಇದನ್ನು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ನಿಮ್ಮ ಲೇಖನ ನಿಲ್ಲಬೇಕಾದ ಜಾಗವೇ ಇದು. ಇಲ್ಲಿ ನೀವು ಓಡಿಬಿಟ್ಟಿದ್ದೀರಿ.

ಬ್ರೂಕ್ಸ್ ಹುಟ್ಟಿದ್ದು 1898ರಲ್ಲಿ, ನೆವಾಡಾದ ಬಂಕರ್‌ವಿಲ್ ಎಂಬ ಸಣ್ಣ ಮಾರ್ಮನ್ ಹಳ್ಳಿಯಲ್ಲಿ. ಆಮೇಲೆ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಇದ್ದರು. ಮೇಷ್ಟ್ರಾಗಿದ್ದವರು, ಮನೆ ತುಂಬಾ ಮಕ್ಕಳು. ಚರ್ಚಿನ ಮಹಿಳಾ ಸಂಘವಾದ ರಿಲೀಫ್ ಸೊಸೈಟಿಯ ಮುಖ್ಯಸ್ಥೆಯೂ ಆಗಿದ್ದರು. 1930ರ ದಶಕದಲ್ಲಿ ದೇಶವೆಲ್ಲ ಕೆಲಸವಿಲ್ಲದೆ ಕೂತಿತ್ತು. ಕೇಂದ್ರ ಸರ್ಕಾರದ ಪರಿಹಾರ ಯೋಜನೆಯ ದುಡ್ಡು ತರಿಸಿ, ಊರಿನ ಹೆಂಗಸರಿಗೆ ಹಳೇ ದಿನಚರಿಗಳನ್ನು ಟೈಪ್ ಮಾಡುವ ಕೆಲಸ ಕೊಟ್ಟರು. ಪದಕ್ಕೆ ಪದ, ಕಾಗುಣಿತದ ತಪ್ಪನ್ನೂ ತಿದ್ದದೆ. ಆಮೇಲೆ 1940ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿ ಇದೇ ಕೆಲಸಕ್ಕೆ ಅವರನ್ನು ನೇಮಿಸಿಕೊಂಡಿತು. ಅಜ್ಜನ ಪುಸ್ತಕವನ್ನು ಯಾವ ಮನೆಯವರು ತಾನೇ ಸುಮ್ನೆ ಕೊಡುತ್ತಾರೆ? ಬ್ರೂಕ್ಸ್ ಕೇಳಿದರೆ ಕೊಟ್ಟರು, ಯಾಕೆಂದರೆ ಈಕೆ ಅವರಲ್ಲೇ ಒಬ್ಬರು. ಗ್ರಂಥಾಲಯ ಪ್ರತಿ ಮಾಡಿಕೊಂಡು ಮೂಲವನ್ನು ಮನೆಗೆ ಮರಳಿಸುತ್ತಿತ್ತು ಅನ್ನುವುದೂ ಆ ನಂಬಿಕೆಗೆ ಕಾರಣ. ಸಂಗ್ರಹ ಬೆಳೆಯುವುದು ದುಡ್ಡಿನಿಂದ ಅಂತ ನೀವು ಮೂರು ಕಡೆ ಬರೆದಿದ್ದೀರಿ. ಇಲ್ಲಿ ಅದು ಬೆಳೆದದ್ದು ನಂಬಿಕೆಯಿಂದ.

ಅವರ ಮನೆಯ ಒಂದು ದೃಶ್ಯ ಹೇಳುತ್ತೇನೆ. ಟೈಪ್‌ರೈಟರ್ ಪಕ್ಕದಲ್ಲೇ ಇಸ್ತ್ರಿ ಮಾಡುವ ಹಲಗೆ, ಬಟ್ಟೆಯ ರಾಶಿ. ಯಾರಾದರೂ ಬಂದರೆ ಬಟ್ಟೆಯನ್ನು ಟೈಪ್‌ರೈಟರ್ ಮೇಲೆ ಹಾಕಿ ಇಸ್ತ್ರಿ ಮಾಡಲು ನಿಲ್ಲುತ್ತಿದ್ದರು. ಹೆಂಗಸು ಕೂತು ಬರೆಯುವುದನ್ನು ಅಕ್ಕಪಕ್ಕದವರಿಗೆ ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ಇಂಥ ಒಂದು ವಿವರ ನಿಮ್ಮ ಎರಡು ಪುಟದ ಪಟ್ಟಿಗಿಂತ ಜಾಸ್ತಿ ಹೇಳುತ್ತದೆ, ಅಲ್ವಾ?

ಇನ್ನೊಂದು ಇದೆ, ಅದನ್ನು ದಯವಿಟ್ಟು ಬಿಡಬೇಡಿ. 1857ರ ಸೆಪ್ಟೆಂಬರ್ 11ರಂದು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್‌ನಲ್ಲಿ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸುಮಾರು 120 ವಲಸಿಗರನ್ನು ಮಾರ್ಮನ್ ಸೇನಾ ತುಕಡಿಯವರು ಕೊಂದರು. ಆ ತುಕಡಿಯಲ್ಲಿದ್ದವರಲ್ಲಿ ನೀಫೈ ಜಾನ್ಸನ್ ಒಬ್ಬರು. ಬ್ರೂಕ್ಸ್ ಚಿಕ್ಕ ವಯಸ್ಸಿನ ಟೀಚರ್ ಆಗಿದ್ದಾಗ ಈ ಮುದುಕರು ಶಾಲೆಗೇ ಬಂದು, ನನಗೊಂದಿಷ್ಟು ಬರೆದುಕೊಡಬೇಕು, ಸಾಯುವ ಮೊದಲು ಹೇಳಬೇಕಾದದ್ದಿದೆ ಅಂದರು. ಆಗಲಿ, ಬರುತ್ತೇನೆ ಅಂದು ಇವರು ಮುಂದೂಡಿದರು. 1919ರಲ್ಲಿ ಹಾಸಿಗೆಯ ಪಕ್ಕ ಹೋಗಿ ನಿಂತಾಗ ಮುದುಕರಿಗೆ ಪ್ರಜ್ಞೆ ಸರಿಯಾಗಿರಲಿಲ್ಲ. ರಕ್ತ, ರಕ್ತ ಅಂತ ಕಿರುಚುತ್ತಿದ್ದರು. ಅವರು ಹೇಳಬೇಕಿದ್ದದ್ದು ಬ್ರೂಕ್ಸ್ ಕೈಗೆ ಸಿಗಲೇ ಇಲ್ಲ. ಆ ಹತ್ಯಾಕಾಂಡದ ಬಗ್ಗೆ ಬ್ರೂಕ್ಸ್ ಬರೆದ ಪುಸ್ತಕ 1950ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೆಸ್‌ನಿಂದ ಬಂತು. ಚರ್ಚಿನ ಬಳಿ ಇದ್ದ ಕೆಲವು ಹೇಳಿಕೆಗಳನ್ನು ನೋಡಲು ಅವರಿಗೆ ಬಿಡಲಿಲ್ಲ. ಊರವರು ಮುಖ ತಿರುಗಿಸಿದರು. ಅವರು ಮಾತ್ರ ಚರ್ಚ್ ಬಿಡಲಿಲ್ಲ. ಸಂಗ್ರಹದ ಬಗ್ಗೆ ಬರೆಯುವಾಗ ಕಪಾಟಿನಲ್ಲಿ ಇರುವುದನ್ನು ಮಾತ್ರ ಎಣಿಸಬೇಡಿ. ಬಾರದೇ ಹೋದ ಕಾಗದವೂ ಅದರ ಕಥೆಯೇ.

ನಕಲಿ ಹಳೇ ದಾಖಲೆಗಳನ್ನು ಮಾಡಿ ಮಾರಿದ ಮಾರ್ಕ್ ಹಾಫ್‌ಮನ್ ಭಾಗಕ್ಕೆ ಬರುತ್ತೇನೆ. ಇದನ್ನು ನೀವು ಪತ್ತೇದಾರಿ ಕಥೆಯ ಧಾಟಿಯಲ್ಲಿ ಬರೆದಿದ್ದೀರಿ, ಅವನನ್ನು ‘ಮಾಸ್ಟರ್‌ಮೈಂಡ್’ ಅಂದಿದ್ದೀರಿ. ಆ ಪದ ತೆಗೆಯಿರಿ. 1985ರ ಅಕ್ಟೋಬರ್ 15ರಂದು ಅವನ ಬಾಂಬುಗಳಿಗೆ ಬಲಿಯಾದವರು ಸ್ಟೀವನ್ ಕ್ರಿಸ್ಟೆನ್ಸನ್ ಮತ್ತು ಕ್ಯಾಥ್ಲೀನ್ ಶೀಟ್ಸ್. ಕೊಂದವನ ಹೆಸರು ನಿಮ್ಮ ಲೇಖನದಲ್ಲಿ ಹದಿನಾಲ್ಕು ಸಲ ಇದೆ. ಇವರಿಬ್ಬರ ಹೆಸರು ಒಂದು ಸಲವೂ ಇಲ್ಲ.

ಅವನು ಹೇಗೆ ಮೋಸ ಮಾಡಿದ ಅನ್ನುವುದಕ್ಕಿಂತ, ಇಷ್ಟು ಜನ ತಿಳಿದವರು ಹೇಗೆ ನಂಬಿದರು ಅಂತ ಕೇಳಿ. 1980ರಲ್ಲಿ ಅವನು ತಂದ ಮೊದಲ ದೊಡ್ಡ ‘ಶೋಧ’ ಹಳೇ ಬೈಬಲ್‌ನ ಅಂಟಿಕೊಂಡ ಹಾಳೆಗಳ ನಡುವೆ ಸಿಕ್ಕಿತಂತೆ. ಕ್ರಿಸ್ಟೆನ್ಸನ್ 1984ರಲ್ಲಿ 40,000 ಡಾಲರ್ ಕೊಟ್ಟು ಕೊಂಡ ಪತ್ರವೂ ಅವನು ಬರೆದದ್ದೇ. ಆ ಕಾಗದ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದನ್ನು ಬುಡದವರೆಗೆ ಯಾರೂ ಕೆದಕಲಿಲ್ಲ. ಶಾಯಿಯ ಭಾಗವನ್ನು ನೀವು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅದನ್ನು ಬಿಡಿಸಿ ಬರೆಯಿರಿ. ಮಾಚಿಕಾಯಿ ಮತ್ತು ಕಬ್ಬಿಣದ ಉಪ್ಪು ಸೇರಿಸಿ ಮಾಡುವ ಹಳೇ ಶಾಯಿಯನ್ನೇ ಅವನು ಮಾಡಿಕೊಂಡಿದ್ದ. ಹಳೇದಾಗಿ ಕಾಣಲಿ ಅಂತ ರಾಸಾಯನಿಕ ಹಾಕಿದ. ಜಾರ್ಜ್ ತ್ರಾಕ್‌ಮಾರ್ಟನ್, ವಿಲಿಯಂ ಫ್ಲಿನ್ ಎಂಬ ಇಬ್ಬರು ಪರೀಕ್ಷಕರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಕ್ಷರದ ಮೇಲ್ಮೈ ಮೊಸಳೆಯ ಚರ್ಮದ ಹಾಗೆ ಬಿರುಕು ಬಿಟ್ಟಿತ್ತು. ನಿಜವಾದ ಹಳೇ ಕಾಗದಗಳಲ್ಲಿ ಆ ಬಿರುಕು ಇರಲಿಲ್ಲ. 1987ರಲ್ಲಿ ಅವನು ತಪ್ಪೊಪ್ಪಿಕೊಂಡ.

ಇದೇ ಪ್ರಕರಣದಲ್ಲಿ ನೀವು ಕಾಣದೇ ಹೋದ ಒಂದು ಸಂಗತಿ ಇದೆ. ನನ್ನ ಮಟ್ಟಿಗೆ ಗ್ರಂಥಾಲಯದ ದೃಷ್ಟಿಯಿಂದ ಅದೇ ಎಲ್ಲಕ್ಕಿಂತ ದೊಡ್ಡದು. ಮಾರ್ಮನ್ ಚರ್ಚಿನ ಮೊದಲ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾಗಿದ್ದು ಆಮೇಲೆ ಅದನ್ನು ಬಿಟ್ಟ ವಿಲಿಯಂ ಮೆಕ್‌ಲೆಲಿನ್ ಅವರ ಕಾಗದಗಳು ತನ್ನ ಬಳಿ ಇವೆ ಎಂದು ಹೇಳಿ ಹಾಫ್‌ಮನ್ 1,85,000 ಡಾಲರ್ ಬ್ಯಾಂಕ್ ಸಾಲ ಎತ್ತಿದ್ದ. ಅವನ ಬಳಿ ಅವು ಇರಲಿಲ್ಲ. ಬಾಂಬಿನ ಹಿಂದೆ ಇದ್ದದ್ದೂ ಇದೇ ವ್ಯವಹಾರದ ಇಕ್ಕಟ್ಟು. 1986ರಲ್ಲಿ ಚರ್ಚಿನವರು ತಮ್ಮದೇ ಭದ್ರತಾ ಕೋಣೆಯಲ್ಲಿ ಹುಡುಕಿದರೆ, ಮೆಕ್‌ಲೆಲಿನ್‌ರ ನಿಜವಾದ ದಿನಚರಿಗಳು ಅಲ್ಲೇ ಇದ್ದವು! 1908ರಲ್ಲೇ ಕೊಂಡು ತಂದು ಇಟ್ಟಿದ್ದರು. ಇಟ್ಟವರು ಹೋದರು, ನೆನಪೂ ಹೋಯಿತು. ಕ್ಯಾಟಲಾಗ್ ಬರೆಯುವ ಕೆಲಸವನ್ನು ನೀವು ‘ನೀರಸವಾದರೂ ಅಗತ್ಯ’ ಅಂದಿದ್ದೀರಿ. ಈ ಘಟನೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಆ ‘ನೀರಸ’ ಅನ್ನುವ ಪದ ಅಲ್ಲಿ ನಿಲ್ಲುತ್ತದೆಯೇ ಅಂತ.

ಬೆಲೆಗಳ ಪಟ್ಟಿ ಬೇಡ, ಒಂದು ಸಾಕು. ಮಾರ್ಮನ್ನರ ಧರ್ಮಗ್ರಂಥ ‘ಬುಕ್ ಆಫ್ ಮಾರ್ಮನ್’ ಅಚ್ಚಿಗೆ ಕೊಟ್ಟ ಹಸ್ತಪ್ರತಿಯನ್ನು 1903ರಲ್ಲಿ ಮಾರ್ಮನ್ನರ ಇನ್ನೊಂದು ಶಾಖೆ ಸುಮಾರು 2,500 ಡಾಲರಿಗೆ ಕೊಂಡಿತು. 2017ರಲ್ಲಿ ಸಾಲ್ಟ್ ಲೇಕ್‌ನ ಚರ್ಚ್ ಅದಕ್ಕೆ 3.5 ಕೋಟಿ ಡಾಲರ್ ಕೊಟ್ಟಿತು. ಅದಕ್ಕೂ ಹಿಂದಿನ ಮೂಲ ಪ್ರತಿಯನ್ನು 1841ರಲ್ಲಿ ನೌವೂ ಊರಿನ ಕಟ್ಟಡವೊಂದರ ಅಡಿಗಲ್ಲಿನಲ್ಲಿ ಇಟ್ಟಿದ್ದರು. ತೇವ ತಿಂದು ಈಗ ಉಳಿದಿರುವುದು ಸುಮಾರು ಶೇ. 28 ಮಾತ್ರ. ಎರಡೂ ಒಂದೇ ಪುಸ್ತಕದ ಹಾಳೆಗಳು. ಎಲ್ಲಿಟ್ಟರು ಅನ್ನುವುದೇ ಅವುಗಳ ಗತಿ ತೀರ್ಮಾನಿಸಿತು.

‘ವಿಚಿತ್ರ ಪಂಥ’ ಎಂದು ಒಂದು ಕಡೆ ಬರೆದಿದ್ದೀರಿ. ತೆಗೆದುಬಿಡಿ. 1833ರಲ್ಲಿ ಮಿಸೂರಿಯಲ್ಲಿ ಗುಂಪೊಂದು ಅವರ ಅಚ್ಚುಕೂಟ ಒಡೆದು ಹಾಳೆಗಳನ್ನು ಬೀದಿಗೆಸೆದಾಗ, ಮೇರಿ ಮತ್ತು ಕ್ಯಾರೊಲೈನ್ ರಾಲಿನ್ಸ್ ಎಂಬ ಅಕ್ಕತಂಗಿಯರು ಅವನ್ನು ಬಾಚಿಕೊಂಡು ಜೋಳದ ಹೊಲದಲ್ಲಿ ಅವುಗಳ ಮೇಲೆ ಮಲಗಿ ಉಳಿಸಿದರು. ಅಕ್ಕನಿಗೆ ಹದಿನೈದು ವರ್ಷ. ಆ ಹುಡುಗಿಯರ ಮೊಮ್ಮಕ್ಕಳ ಮೊಮ್ಮಕ್ಕಳು ನಿಮ್ಮ ಲೇಖನ ಓದಬಹುದು ಅಂದುಕೊಂಡು ಬರೆಯಿರಿ. ಬೆಂಗಳೂರಿನಲ್ಲೂ ಆ ಚರ್ಚಿನವರಿದ್ದಾರೆ. 2020ರ ಡಿಸೆಂಬರ್‌ನಲ್ಲಿ ಇಲ್ಲೇ ಅವರ ದೇವಾಲಯಕ್ಕೆ ಗುದ್ದಲಿಪೂಜೆ ಆಯಿತು. ಇನ್ನೂ ಹಿಂದಕ್ಕೆ ಹೋದರೆ, 1853ರಲ್ಲೇ ರಿಚರ್ಡ್ ಬ್ಯಾಲಂಟೈನ್ ಎಂಬ ಪ್ರಚಾರಕರು ಮದ್ರಾಸಿಗೆ ಬಂದಿದ್ದರು. ಅಲ್ಲೇ ಒಂದು ಪತ್ರಿಕೆಯನ್ನೂ ಅಚ್ಚು ಹಾಕಿಸಿದರು. ಮದ್ರಾಸಿನಲ್ಲಿ ಅಚ್ಚಾದ ಹಾಳೆ ಕೂಡ ಈಗ ಮಾರ್ಮನ್ ಚರಿತ್ರೆಯ ದಾಖಲೆ. ನಮ್ಮ ಓದುಗರಿಗೆ ಇದನ್ನು ಹೇಳದೆ ಇರಬೇಡಿ.

ಹನ್ನೊಂದು ಪುಟವನ್ನು ಆರಕ್ಕೆ ಇಳಿಸಿ. ಬ್ರೂಕ್ಸ್‌ಗೆ ಮೂರು ಪುಟ ಕೊಡಿ. ಗ್ರಂಥಾಲಯಗಳ ಹೆಸರು ಕಥೆಯಲ್ಲಿ ಬರುವಾಗ ಬರಲಿ, ಮೊದಲೇ ಬೇಡ. ಯುಗಾದಿಯೊಳಗೆ ಕಳಿಸಿದರೆ ಮತ್ತೆ ನಾನೇ ಓದುತ್ತೇನೆ. ನೀಫೈ ಜಾನ್ಸನ್ ಶಾಲೆಯ ಬಾಗಿಲಿಗೆ ಬಂದ ಆ ದಿನದಿಂದಲೇ ಶುರು ಮಾಡಿ ನೋಡಿ.

ಇಂತಿ,
ಸಂಪಾದಕ